ಪುಟ್ಟ ಡೀಸೆಲ್ ಪಿಕಪ್‌ಗೆ ಯಾವ ಕ್ಲಾಸ್? ಉಪ್ಪಿನ ಬಯಲಿಗೆ ಹೊರಡುವ ಮುನ್ನ ಓದಿ

ಅಮೆರಿಕದ ಯೂಟಾ ರಾಜ್ಯದಲ್ಲಿ, ಸಾಲ್ಟ್ ಲೇಕ್ ಸಿಟಿಯಿಂದ ಪಶ್ಚಿಮಕ್ಕೆ ಸುಮಾರು 120 ಮೈಲಿ ಹೋದರೆ ವೆಂಡೋವರ್ ಎಂಬ ಊರು ಸಿಗುತ್ತದೆ. ಅದರ ಪಕ್ಕದಲ್ಲೇ ಬಾನ್‌ವಿಲ್ ಉಪ್ಪಿನ ಬಯಲು. 1949ರಲ್ಲಿ ಇಲ್ಲಿ ವೇಗದ ದಾಖಲೆಗಾಗಿ ಗಾಡಿ ಓಡಿಸುವ ಸ್ಪೀಡ್ ವೀಕ್ ಶುರುವಾಯಿತು. ಇಂದಿಗೂ ಆಗಸ್ಟ್ ಬಂದರೆ, ಮಳೆ ಅಡ್ಡಿ ಮಾಡದಿದ್ದರೆ, ನೂರಾರು ಗಾಡಿಗಳು ಇಲ್ಲಿ ಸೇರುತ್ತವೆ. ಇಲ್ಲಿ ಪಕ್ಕದಲ್ಲಿ ಇನ್ನೊಬ್ಬ ಓಡುವುದಿಲ್ಲ. ಒಂದೊಂದೇ ಗಾಡಿ, ನೇರ ದಾರಿ, ಗಡಿಯಾರ. ನಿಮ್ಮ ಎದುರಾಳಿ ಅಂದರೆ ನಿಮ್ಮ ಕ್ಲಾಸ್‌ನಲ್ಲಿ ಈಗಾಗಲೇ ಬರೆದಿಟ್ಟಿರುವ ದಾಖಲೆ, ಅಷ್ಟೇ.

ಅದಕ್ಕೇ ಇಲ್ಲಿ ಕ್ಲಾಸ್, ಅಂದರೆ ಎಂಜಿನ್ ಗಾತ್ರ ಮತ್ತು ಗಾಡಿಯ ಬಗೆ ನೋಡಿ ಮಾಡಿದ ಗುಂಪು, ಅನ್ನುವುದು ಅಷ್ಟು ಮುಖ್ಯ. ದೊಡ್ಡ ಎಂಜಿನ್‌ನವರಿಗೂ ಪುಟ್ಟ ಎಂಜಿನ್‌ನವರಿಗೂ ಒಂದೇ ಮೈದಾನದಲ್ಲಿ ಜಾಗ ಸಿಗುವುದು ಈ ವಿಂಗಡಣೆಯಿಂದ. ಐವತ್ತು ಹಾರ್ಸ್ ಪವರ್‌ನ ಹಳೆಯ ಡೀಸೆಲ್ ಪಿಕಪ್ ತಂದವರೂ ದಾಖಲೆಯ ಕನಸು ಕಾಣಬಹುದು. ಆದರೆ ಗಾಡಿ ಕಟ್ಟಿ ಮುಗಿಸಿದ ಮೇಲೆ ಕ್ಲಾಸ್ ಹುಡುಕಲು ಹೋಗುವುದು, ಅಂಗಿ ಹೊಲಿಸಿದ ಮೇಲೆ ಅಳತೆ ಕೊಟ್ಟ ಹಾಗೆ. ಮೊದಲು ಕ್ಲಾಸ್ ಗೊತ್ತುಮಾಡಿಕೊಳ್ಳಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಈ ಲೇಖನ ಅದರ ಬಗ್ಗೆಯೇ.

ಹೆಜ್ಜೆ 1: ಯಾರ ನಿಯಮದಡಿ ಓಡಿಸುತ್ತೀರಿ?

ಬಾನ್‌ವಿಲ್ ಸ್ಪೀಡ್ ವೀಕ್ ನಡೆಸುವುದು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್. ಎಲ್ಲರೂ ಎಸ್‌ಸಿಟಿಎ ಅಂತಲೇ ಕರೆಯುತ್ತಾರೆ. 1937ರಲ್ಲಿ ಹುಟ್ಟಿದ ಸಂಸ್ಥೆ. ಕ್ಯಾಲಿಫೋರ್ನಿಯಾದ ಎಲ್ ಮಿರಾಜ್ ಒಣಕೆರೆಯಲ್ಲೂ ಇವರದೇ ಓಟ ನಡೆಯುತ್ತದೆ. ಅಲ್ಲಿ ದಾರಿ ಬರೀ 1.3 ಮೈಲಿ, ಓಡಿಸಬೇಕಾದರೆ ಎಸ್‌ಸಿಟಿಎಯ ಯಾವುದಾದರೂ ಕ್ಲಬ್‌ನಲ್ಲಿ ಸದಸ್ಯರಾಗಿರಬೇಕು. ಎರಡೂ ಕಡೆಯ ದಾಖಲೆಗಳನ್ನು ಬೇರೆ ಬೇರೆ ಪಟ್ಟಿಯಲ್ಲಿ ಇಡುತ್ತಾರೆ.

ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರಿಗೆ ಇನ್ನೊಂದು ದಾರಿ ಇದೆ. ದಕ್ಷಿಣ ಆಸ್ಟ್ರೇಲಿಯಾದ ಗೈರ್ಡ್ನರ್ ಉಪ್ಪು ಸರೋವರದಲ್ಲಿ ಡ್ರೈ ಲೇಕ್ಸ್ ರೇಸರ್ಸ್ ಆಸ್ಟ್ರೇಲಿಯಾ ಸಂಸ್ಥೆ ತನ್ನದೇ ಸ್ಪೀಡ್ ವೀಕ್ ನಡೆಸುತ್ತದೆ. ಅವರ ನಿಯಮಗಳಿಗೂ ಎಸ್‌ಸಿಟಿಎ ಪುಸ್ತಕವೇ ಬುನಾದಿ, ಮೇಲೆ ತಮ್ಮದೇ ಒಂದಿಷ್ಟು ಸೇರಿಸಿಕೊಂಡಿದ್ದಾರೆ. ಆ ದೇಶದಲ್ಲಿ ಡೀಸೆಲ್ ಪಿಕಪ್ ಅಂದರೆ ಮನೆಮಾತು, ಹಾಗಾಗಿ ಅಲ್ಲಿ ಗಾಡಿ ಹುಡುಕುವುದು ಸುಲಭ.

ಅಂತರರಾಷ್ಟ್ರೀಯ ದಾಖಲೆ ಬೇಕು ಅನ್ನುವವರು ಜಗತ್ತಿನ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಐಎ ನಿಯಮಕ್ಕೆ ಹೋಗಬೇಕು. ಅಲ್ಲಿ ಎರಡು ಓಟ, ಎದುರುಬದುರು ದಿಕ್ಕಿನಲ್ಲಿ, ಒಂದು ಗಂಟೆಯೊಳಗೆ ಮುಗಿಯಬೇಕು. ಎರಡರ ಸರಾಸರಿಯೇ ದಾಖಲೆ. ಎಂಜಿನ್ ಗಾತ್ರದ ಮೆಟ್ಟಿಲುಗಳೂ ಬೇರೆ. ಒಂದು ಪುಸ್ತಕದ ಲೆಕ್ಕವನ್ನು ಇನ್ನೊಂದಕ್ಕೆ ತಂದು ಗೊಂದಲ ಮಾಡಿಕೊಳ್ಳಬೇಡಿ. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಎಸ್‌ಸಿಟಿಎ ಲೆಕ್ಕ.

ನೀವು ಓಡಿಸುವ ವರ್ಷದ ನಿಯಮ ಪುಸ್ತಕವನ್ನೇ ಕೊಳ್ಳಿ. ಪ್ರತಿ ವರ್ಷ ಹೊಸದು ಬರುತ್ತದೆ, ತಿದ್ದುಪಡಿ ಇದ್ದೇ ಇರುತ್ತದೆ. ಗೆಳೆಯರ ಹತ್ತಿರ ಇರುವ ಹಳೆಯ ಪ್ರತಿ ಓದಿ ರೋಲ್ ಕೇಜ್ (ಗಾಡಿ ಪಲ್ಟಿಯಾದರೆ ಚಾಲಕರನ್ನು ಕಾಯುವ ಪೈಪ್‌ಗಳ ಪಂಜರ) ಬೆಸುಗೆ ಹಾಕಿಸಿದರೆ, ಆಮೇಲೆ ಕತ್ತರಿಸಿ ಮತ್ತೆ ಮಾಡಿಸಬೇಕಾದೀತು.

ಹೆಜ್ಜೆ 2: ಎಂಜಿನ್ ಅಳೆಯಿರಿ

ಕ್ಲಾಸ್‌ನ ಹೆಸರು ಒಂದು ಗುಟ್ಟಿನ ಸಂಕೇತದಂತೆ ಕಾಣುತ್ತದೆ, ಆದರೆ ಓದುವುದು ಸುಲಭ. ಗೆರೆಯ ಎಡಕ್ಕೆ ಎಂಜಿನ್ ಗಾತ್ರ, ಬಲಕ್ಕೆ ಗಾಡಿಯ ಬಗೆ. ಉದಾಹರಣೆಗೆ ಬಿ/ಡಿಟಿ ಅಂದರೆ ಬಿ ಗಾತ್ರದ ಎಂಜಿನ್ ಇರುವ ಡೀಸೆಲ್ ಟ್ರಕ್. 2011ರ ಮಾಡೆಲ್‌ನ ಫೋರ್ಡ್ ಎಫ್-250 ಪಿಕಪ್ ಒಂದು ಬಯೋಡೀಸೆಲ್ ಬೆರೆಸಿದ ಇಂಧನದಲ್ಲಿ ಬಾನ್‌ವಿಲ್‌ನಲ್ಲಿ ಗಂಟೆಗೆ 171.123 ಮೈಲಿ, ಅಂದರೆ ಸುಮಾರು 275 ಕಿಲೋಮೀಟರ್ ವೇಗದ ದಾಖಲೆ ಮಾಡಿತ್ತು. ಅದರ 6.7 ಲೀಟರ್ ಎಂಜಿನ್ ಬಿ ಗಾತ್ರದ್ದು.

ಗಾತ್ರವನ್ನು ಅವರು ಕ್ಯೂಬಿಕ್ ಇಂಚಿನಲ್ಲಿ ಹೇಳುತ್ತಾರೆ. ನಮಗೆ ರೂಢಿ ಇರುವುದು ಸಿಸಿ. ಒಂದು ಕ್ಯೂಬಿಕ್ ಇಂಚಿಗೆ 16.387 ಸಿಸಿ. ಪುಟ್ಟ ಡೀಸೆಲ್‌ಗಳಿಗೆ ಬೇಕಾದ ಮೆಟ್ಟಿಲುಗಳು ಮೂರೇ. ಜಿ ಅಂದರೆ 93ರಿಂದ 122.99 ಕ್ಯೂಬಿಕ್ ಇಂಚು, ಹೆಚ್ಚುಕಡಿಮೆ 1.5ರಿಂದ 2 ಲೀಟರ್. ಎಫ್ ಅಂದರೆ 123ರಿಂದ 183.99, ಅಂದರೆ 2ರಿಂದ 3 ಲೀಟರ್. ಇ ಅಂದರೆ 184ರಿಂದ 260.99, ಸುಮಾರು 4.27 ಲೀಟರ್‌ವರೆಗೆ. ಅದರ ಮೇಲೆ ಡಿ, ಸಿ, ಬಿ, ಎ, ಕೊನೆಗೆ 501 ಇಂಚು ದಾಟಿದ್ದೆಲ್ಲ ಎಎ. ದೊಡ್ಡ ಪಿಕಪ್‌ಗಳ 5.9 ಲೀಟರ್ ಕಮ್ಮಿನ್ಸ್ ಸಿಯಲ್ಲಿ ಬರುತ್ತದೆ. ಜನರಲ್ ಮೋಟಾರ್ಸ್‌ನ 6.6 ಲೀಟರ್ ಡ್ಯೂರಾಮ್ಯಾಕ್ಸ್ ಬಿಯಲ್ಲಿ.

ಇಲ್ಲೊಂದು ಸ್ವಾರಸ್ಯದ ಸಂಗತಿ ಇದೆ. 1979ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಪುಟ್ಟ ಡೀಸೆಲ್ ಪಿಕಪ್‌ಗಳು ಸಾಲಾಗಿ ಬಂದವು. ಇಸುಜು 2.2, ದಟ್ಸನ್ 720ರ 2.2, ಟೊಯೋಟಾದ 2.2 ಮತ್ತು 2.4, ಫೋರ್ಡ್ ರೇಂಜರ್‌ನ 2.2, ಮಿತ್ಸುಬಿಷಿಯ 2.3 ಟರ್ಬೊ. ಲೆಕ್ಕ ಹಾಕಿ ನೋಡಿ, ಇವೆಲ್ಲವೂ ಎಫ್! ಆಮೇಲಿನ ಕಾಲದ 2.8 ಲೀಟರ್ ಶೆವ್ರೊಲೆ ಕೊಲರಾಡೊ, 3 ಲೀಟರ್ ಡೀಸೆಲ್ ರ‍್ಯಾಮ್ 1500, 3 ಲೀಟರ್ ಡೀಸೆಲ್ ಎಫ್-150 ಕೂಡ ಎಫ್. ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈಲಕ್ಸ್‌ನ 2755 ಸಿಸಿ ಎಂಜಿನ್ ಸಹ 168 ಕ್ಯೂಬಿಕ್ ಇಂಚು, ಅಂದರೆ ಅದೂ ಎಫ್. ಹಾಗಾಗಿ 1982ರ 58 ಹಾರ್ಸ್ ಪವರ್‌ನ ಇಸುಜು ತಂದವರು, ಗಾತ್ರದ ಲೆಕ್ಕದಲ್ಲಿ, ಕಂಪ್ಯೂಟರ್ ಹಿಡಿತದ ಹೊಸ ಕಾಮನ್ ರೈಲ್ ಎಂಜಿನ್‌ಗಳ ಜೊತೆಗೇ ನಿಲ್ಲಬೇಕು. ಇದನ್ನು ಮೊದಲೇ ತಿಳಿದು ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಇದರಿಂದ ತಪ್ಪಿಸಿಕೊಳ್ಳುವ ಒಂದು ಪುಟ್ಟ ಗಾಡಿ ಇದೆ. ಫೋಕ್ಸ್‌ವ್ಯಾಗನ್ ರ‍್ಯಾಬಿಟ್ ಪಿಕಪ್. ಅದರ 1.6 ಡೀಸೆಲ್‌ನ ಬೋರ್, ಅಂದರೆ ಸಿಲಿಂಡರಿನ ಅಗಲ, 76.5 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 86.4. ಬೋರ್ ಅನ್ನು ಬೋರ್‌ನಿಂದಲೇ ಗುಣಿಸಿ, 0.7854ರಿಂದ ಗುಣಿಸಿ, ಸ್ಟ್ರೋಕ್‌ನಿಂದ ಗುಣಿಸಿ, ಸಿಲಿಂಡರ್ ಸಂಖ್ಯೆಯಿಂದ ಗುಣಿಸಿ, ಕೊನೆಗೆ 1000ದಿಂದ ಭಾಗಿಸಿ. 1588 ಸಿಸಿ ಬರುತ್ತದೆ. 16.387ರಿಂದ ಭಾಗಿಸಿದರೆ 96.9 ಕ್ಯೂಬಿಕ್ ಇಂಚು. ಜಿ! ಪುಟ್ಟದು, ಹಗುರ, ಮೂತಿಯೂ ಚಿಕ್ಕದು. ಪುಟ್ಟ ಡೀಸೆಲ್‌ನಲ್ಲಿ ಶುರುಮಾಡುವವರಿಗೆ ನಾನು ಇದನ್ನೇ ಮೊದಲು ಹೇಳುವುದು.

ಈಗ ಎಚ್ಚರಿಕೆಯ ಮಾತು. 3 ಲೀಟರ್ ಎಂಜಿನ್‌ಗಳು ಎಫ್‌ನ ಅಂಚಿನಲ್ಲಿ ನಿಂತಿವೆ. ರ‍್ಯಾಮ್‌ನ 3 ಲೀಟರ್ ವಿ6ರ ಬೋರ್ 83, ಸ್ಟ್ರೋಕ್ 92. ಒಟ್ಟು 2987 ಸಿಸಿ, ಅಂದರೆ 182.3 ಕ್ಯೂಬಿಕ್ ಇಂಚು. ಬ್ಲಾಕ್ ಸವೆದಿದೆ ಅಂತ ಬೋರ್ ಬರೀ ಅರ್ಧ ಮಿಲಿಮೀಟರ್ ಹಿಗ್ಗಿಸಿದರೆ 3023 ಸಿಸಿ, 184.5 ಇಂಚು. ನೀವೀಗ ಇ ಕ್ಲಾಸ್‌ನಲ್ಲಿ 4.2 ಲೀಟರ್‌ನವರ ಜೊತೆ! ಮೆಷಿನ್ ಶಾಪ್‌ನವರಿಗೆ ಇದು ಗೊತ್ತಿರುವುದಿಲ್ಲ. ನೀವೇ ಹೇಳಬೇಕು. ದಾಖಲೆ ಮುರಿದವರ ಎಂಜಿನ್ ಅಳತೆಯನ್ನು ಅಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. ಬ್ರೋಷರ್‌ನಲ್ಲಿ ಬರೆದ ಸಂಖ್ಯೆ ಅಲ್ಲಿ ನಡೆಯುವುದಿಲ್ಲ.

ಹೆಜ್ಜೆ 3: ಗಾಳಿ ಮತ್ತು ಇಂಧನ

ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಅಥವಾ ಸೂಪರ್‌ಚಾರ್ಜರ್ ಹಾಕಿದ ಎಂಜಿನ್ ಅನ್ನು ಎಸ್‌ಸಿಟಿಎ ಭಾಷೆಯಲ್ಲಿ ಬ್ಲೋನ್ ಎನ್ನುತ್ತಾರೆ. ಸಾಮಾನ್ಯ ಪೆಟ್ರೋಲ್ ಕ್ಲಾಸ್‌ಗಳಲ್ಲಿ ಬ್ಲೋನ್ ಮತ್ತು ಬ್ಲೋನ್ ಅಲ್ಲದವು ಬೇರೆ ಬೇರೆ. ಇಂಧನದಲ್ಲೂ ಹಾಗೇ. ಗ್ಯಾಸ್ ಎಂದರೆ ಪೆಟ್ರೋಲ್, ಫ್ಯೂಯೆಲ್ ಎಂದರೆ ಮೆಥನಾಲ್, ನೈಟ್ರೊಮಿಥೇನ್ ತರಹದವು. ಪೆಟ್ರೋಲ್ ಗಾಡಿಗೆ ನೈಟ್ರಸ್ ಆಕ್ಸೈಡ್ ಹಾಕಿದರೆ ಅದು ನೇರವಾಗಿ ಫ್ಯೂಯೆಲ್ ಪಾಲಿಗೆ ಹೋಗುತ್ತದೆ.

ಡೀಸೆಲ್‌ನವರು ಈ ಭಾಗವನ್ನು ಎರಡು ಸಲ ಓದಬೇಕು. ಡೀಸೆಲ್ ಟ್ರಕ್ ಕ್ಲಾಸ್‌ಗೆ ಹೋಗುತ್ತೀರಾ, ಸಾಮಾನ್ಯ ಪಿಕಪ್ ಕ್ಲಾಸ್‌ಗೆ ಹೋಗುತ್ತೀರಾ ಎನ್ನುವುದರ ಮೇಲೆ ಟರ್ಬೊ ಮತ್ತು ಇಂಧನದ ಲೆಕ್ಕ ಬದಲಾಗಬಹುದು. ಡೀಸೆಲ್ ಜೊತೆ ಪ್ರೊಪೇನ್ ಅಥವಾ ನೈಟ್ರಸ್ ಊದುವ ಯೋಚನೆ ಇದ್ದರೆ, ಸಿಲಿಂಡರ್ ಕೊಳ್ಳುವ ಮೊದಲೇ ಇಂಧನದ ಅಧ್ಯಾಯ ತೆರೆಯಿರಿ.

ಬಾನ್‌ವಿಲ್ ಸಮುದ್ರಮಟ್ಟದಿಂದ 4200 ಅಡಿ ಮೇಲಿದೆ. ಆಗಸ್ಟ್ ಬಿಸಿಲಿಗೆ ಗಾಳಿ ಇನ್ನೂ ತೆಳುವಾಗುತ್ತದೆ. ಟರ್ಬೊ ಇಲ್ಲದ ಡೀಸೆಲ್ ಅಲ್ಲಿ ಏದುಸಿರು ಬಿಡುತ್ತದೆ, ಕಪ್ಪು ಹೊಗೆ ಉಗುಳುತ್ತದೆ. ಹಾಗಂತ ಹಳೆಯ ಎಂಜಿನ್‌ಗೆ ಸುಮ್ನೆ ಒಂದು ಟರ್ಬೊ ಸಿಕ್ಕಿಸಿಬಿಡಬೇಡಿ. 1980ರ ಕಾಲದ ಇನ್‌ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳ ಕಂಪ್ರೆಷನ್, ಅಂದರೆ ಗಾಳಿಯನ್ನು ಅದುಮುವ ಅನುಪಾತ, 20ಕ್ಕೂ ಜಾಸ್ತಿ. ಅದರ ಮೇಲೆ ಟರ್ಬೊ ಒತ್ತಡ ಬಿದ್ದರೆ ಹೆಡ್ ಗ್ಯಾಸ್ಕೆಟ್ ಮೊದಲು ಹೋಗುತ್ತದೆ, ಪಿಸ್ಟನ್ ಆಮೇಲೆ.

ಹೆಜ್ಜೆ 4: ಗಾಡಿಯ ಮೈಕಟ್ಟು

ಅರ್ಹತೆಯ ಜಗಳ ಹುಟ್ಟುವುದು ಬಹುಪಾಲು ಇಲ್ಲಿಯೇ. ಪುಟ್ಟ ಡೀಸೆಲ್ ಪಿಕಪ್ ಟ್ರಕ್ಕೂ ಹೌದು, ಮಿನಿ ಪಿಕಪ್ಪೂ ಹೌದು, ಡೀಸೆಲ್ಲೂ ಹೌದು. ಪುಸ್ತಕದಲ್ಲಿ ಪೂರ್ತಿ ಗಾತ್ರದ ಪಿಕಪ್‌ಗೂ ಮಿನಿ, ಮಧ್ಯಮ ಗಾತ್ರದ ಪಿಕಪ್‌ಗೂ ಬೇರೆ ಬೇರೆ ಕ್ಲಾಸ್ ಇದೆ. ಹೆದ್ದಾರಿಯ ಭಾರಿ ಲಾರಿಗಳಿಗೂ ತಮ್ಮದೇ ಡೀಸೆಲ್ ಕ್ಲಾಸ್‌ಗಳಿವೆ. ಟ್ರಕ್ ಎಂಬ ಒಂದು ಹೆಸರು ನೋಡಿ ಮುಂದೆ ಓಡಬೇಡಿ. ಪ್ರತಿ ಕ್ಲಾಸ್‌ನ ಮೊದಲ ಪ್ಯಾರಾದಲ್ಲಿ ಯಾವ ಗಾಡಿ ಸಲ್ಲುತ್ತದೆ ಅಂತ ಬರೆದಿರುತ್ತದೆ. ಅದನ್ನು ಬೆರಳಿಟ್ಟು ಓದಿ.

ಒಂದು ಹಾಳೆ ತೆಗೆದುಕೊಂಡು ನಿಮ್ಮ ಗಾಡಿಯ ಜಾತಕ ಬರೆಯಿರಿ. ಯಾವ ಕಂಪನಿ, ಯಾವ ವರ್ಷ, ವೀಲ್‌ಬೇಸ್ ಎಷ್ಟು, ಎಷ್ಟು ಟನ್ ದರ್ಜೆ, ಕ್ಯಾಬ್ ಮತ್ತು ಹಿಂದಿನ ಡಬ್ಬ ಒಂದೇ ಮೈಯೋ ಬೇರೆಯೋ, ಆ ಮಾಡೆಲ್‌ನಲ್ಲಿ ಕಂಪನಿಯೇ ಡೀಸೆಲ್ ಎಂಜಿನ್ ಕೊಟ್ಟಿತ್ತೋ ಇಲ್ಲವೋ. ಈ ಕೊನೆಯ ಪ್ರಶ್ನೆ ತುಂಬಾ ಮುಖ್ಯ. ಪೆಟ್ರೋಲ್ ಪಿಕಪ್ ಒಂದಕ್ಕೆ 3.9 ಲೀಟರ್‌ನ ನಾಲ್ಕು ಸಿಲಿಂಡರ್ ಕಮ್ಮಿನ್ಸ್ ಕೂರಿಸುವುದು ಅಲ್ಲಿ ಜನಪ್ರಿಯ ಕೆಲಸ. ಕೂರುತ್ತದೆ, ಓಡುತ್ತದೆ, ಗಾತ್ರದಲ್ಲಿ ಇ ಆಗುತ್ತದೆ. ಆದರೆ ಎಂಜಿನ್ ಬದಲಿಸುವುದನ್ನು ಆ ಕ್ಲಾಸ್ ಒಪ್ಪುತ್ತದೆಯೇ, ಎಂಜಿನ್ ಮತ್ತು ಕ್ಯಾಬ್ ನಡುವಿನ ಗೋಡೆಯಾದ ಫೈರ್‌ವಾಲ್ ಕತ್ತರಿಸಬಹುದೇ, ಎಂಜಿನ್ ಎಷ್ಟು ಹಿಂದಕ್ಕೆ ಸರಿಸಬಹುದು ಎಂಬುದನ್ನು ಪುಸ್ತಕ ಹೇಳಬೇಕು, ನಮ್ಮ ಆಸೆಯಲ್ಲ.

ಪ್ರೊಡಕ್ಷನ್ ಎಂಬ ಹೆಸರಿರುವ ಕ್ಲಾಸ್‌ಗಳಲ್ಲಿ ಗಾಡಿಯ ಹೊರ ರೂಪ ಕಂಪನಿ ಬಿಟ್ಟ ಹಾಗೇ ಇರಬೇಕು. ಮೇಲ್ಚಾವಣಿ ಕತ್ತರಿಸಿ ತಗ್ಗಿಸುವಂತಿಲ್ಲ. ಮಾಡಿಫೈಡ್ ಕ್ಲಾಸ್‌ಗಳಲ್ಲಿ ಸ್ವಾತಂತ್ರ್ಯ ಜಾಸ್ತಿ, ಆದರೆ ಎದುರಿನ ದಾಖಲೆಯೂ ಅಷ್ಟೇ ಎತ್ತರದಲ್ಲಿರುತ್ತದೆ. ಮುಂದೆ ಗಾಳಿ ಅಡಿಗೆ ನುಗ್ಗದಂತೆ ತಡೆಯುವ ಏರ್ ಡ್ಯಾಮ್, ಹಿಂದಿನ ಡಬ್ಬದ ಮೇಲೆ ಮುಚ್ಚುವ ಹೊದಿಕೆ, ಗ್ರಿಲ್ ಮುಚ್ಚುವ ತಗಡು, ಪಕ್ಕದ ಕನ್ನಡಿ ತೆಗೆಯುವುದು, ಈ ನಾಲ್ಕನ್ನೂ ಒಂದೊಂದಾಗಿ ನೋಡಿ. ಪಿಕಪ್‌ನ ಹಿಂದಿನ ತೆರೆದ ಡಬ್ಬದಲ್ಲಿ ಗಾಳಿ ಸುತ್ತಿಕೊಂಡು ಎಳೆಯುತ್ತದೆ, ಹಾಗಾಗಿ ಹೊದಿಕೆಗೆ ಅನುಮತಿ ಇದೆಯೋ ಇಲ್ಲವೋ ಎನ್ನುವುದರಲ್ಲಿ ಕೆಲವು ಮೈಲಿ ವೇಗ ಅಡಗಿರುತ್ತದೆ.

ನನ್ನ ಸಲಹೆ: ಪುಸ್ತಕ ಮಾಡಬಹುದು ಅಂತ ಬರೆಯದಿದ್ದರೆ, ಮಾಡಬಾರದು ಅಂತಲೇ ತಿಳಿಯಿರಿ. ಅನುಮಾನ ಉಳಿದರೆ ಕೇಳಿ.

ಹೆಜ್ಜೆ 5: ಬರೆದು ಕೇಳಿ

ಎಸ್‌ಸಿಟಿಎಯಲ್ಲಿ ಬೇರೆ ಬೇರೆ ಬಗೆಯ ಗಾಡಿಗಳನ್ನು ನೋಡಿಕೊಳ್ಳುವ ತಾಂತ್ರಿಕ ಸಮಿತಿಯವರಿದ್ದಾರೆ. ಮೇಲೆ ಹೇಳಿದ ಜಾತಕ, ನಾಲ್ಕೂ ಕಡೆಯ ಫೋಟೊ, ನೀವು ಮಾಡಬೇಕೆಂದಿರುವ ಬದಲಾವಣೆಗಳ ಪಟ್ಟಿ, ಇಷ್ಟನ್ನು ಇಮೇಲ್ ಮಾಡಿ. ಪ್ರಶ್ನೆ ನೇರವಾಗಿರಲಿ. ನನ್ನ ಗಾಡಿ ಯಾವ ಕ್ಲಾಸ್‌ಗೆ ಬರುತ್ತದೆ ಅಂತ ಕೇಳಿದರೆ ಉತ್ತರ ಉದ್ದವಾಗುತ್ತದೆ, ಅಸ್ಪಷ್ಟವಾಗುತ್ತದೆ. 2238 ಸಿಸಿ ಡೀಸೆಲ್, ಕಂಪನಿ ಕೊಟ್ಟ ಎಂಜಿನ್, ಟರ್ಬೊ ಸೇರಿಸಿದ್ದೇನೆ, ಡಬ್ಬಕ್ಕೆ ಹೊದಿಕೆ ಇದೆ, ಇದು ಎಫ್/ಡಿಟಿಯಲ್ಲಿ ಸಲ್ಲುತ್ತದೆಯೇ ಅಂತ ಕೇಳಿ. ಬಂದ ಉತ್ತರವನ್ನು ಮುದ್ರಿಸಿ ಗಾಡಿಯ ದಾಖಲೆಗಳ ಜೊತೆ ಇಟ್ಟುಕೊಳ್ಳಿ. ಹಳಬರು ಪ್ರೀತಿಯಿಂದ ಸಲಹೆ ಕೊಡುತ್ತಾರೆ, ಅದಕ್ಕೆ ಬೆಲೆ ಇದೆ. ಆದರೆ ತಪಾಸಣೆಯ ಹೊತ್ತಿಗೆ ನಡೆಯುವುದು ಪುಸ್ತಕ ಮತ್ತು ಸಮಿತಿಯ ಮಾತು.

ಹೆಜ್ಜೆ 6: ದಾಖಲೆ ಪಟ್ಟಿ ನೋಡಿ, ಗೇರ್ ಲೆಕ್ಕ ಹಾಕಿ

ಒಂದಕ್ಕಿಂತ ಜಾಸ್ತಿ ಕ್ಲಾಸ್‌ಗೆ ಸಲ್ಲುತ್ತೀರಿ ಅಂದಾಗ, ಪ್ರತಿಯೊಂದರ ಈಗಿನ ದಾಖಲೆ ಎಷ್ಟಿದೆ ನೋಡಿ. ಆಮೇಲೆ ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಐವತ್ತು ಹಾರ್ಸ್ ಪವರ್‌ನಲ್ಲಿ 80 ಮೈಲಿ ಹೋಗುವ ಪಿಕಪ್ 160 ಮೈಲಿ ಹೋಗಬೇಕಾದರೆ ಎರಡು ಪಟ್ಟಲ್ಲ, ಎಂಟು ಪಟ್ಟು ಶಕ್ತಿ ಬೇಕು.

ಡೀಸೆಲ್‌ಗೆ ಇನ್ನೊಂದು ಗೋಡೆ ಇದೆ, ಅದು ಆರ್‌ಪಿಎಂ. 4500 ಆರ್‌ಪಿಎಂಗೆ ನಿಲ್ಲುವ ಎಂಜಿನ್, 26 ಇಂಚಿನ ಟೈರ್, 0.85ರ ಟಾಪ್ ಗೇರ್, 3.42ರ ಆಕ್ಸಲ್ ಅಂದುಕೊಳ್ಳಿ. ಆರ್‌ಪಿಎಂ ಅನ್ನು ಟೈರ್ ಇಂಚಿನಿಂದ ಗುಣಿಸಿ, 336, ಗೇರ್ ಮತ್ತು ಆಕ್ಸಲ್ ಅನುಪಾತಗಳ ಗುಣಲಬ್ಧದಿಂದ ಭಾಗಿಸಿ. ಗಂಟೆಗೆ 120 ಮೈಲಿ ಬರುತ್ತದೆ. ಎಂಜಿನ್‌ಗೆ ಎಷ್ಟೇ ಶಕ್ತಿ ತುಂಬಿದರೂ ಅದರಾಚೆ ಹೋಗಲ್ಲ. ಆಕ್ಸಲ್ 2.73 ಮಾಡಿದರೆ ಅದೇ ಆರ್‌ಪಿಎಂಗೆ 150 ಮೈಲಿ. ಉಪ್ಪಿನ ಮೇಲೆ ಚಕ್ರ ಜಾರುವುದರಿಂದ ನಿಜವಾದ ವೇಗ ಇದಕ್ಕಿಂತ ಕಡಿಮೆ ಇರುತ್ತದೆ. ಅದಕ್ಕೇ ಅಲ್ಲಿ ಜನ ಗಾಡಿಗೆ ಭಾರ ಸೇರಿಸುತ್ತಾರೆ. ಬೇರೆ ರೇಸ್‌ಗಳಲ್ಲಿ ಭಾರ ಶತ್ರು, ಇಲ್ಲಿ ಮೈಲಿಗಟ್ಟಲೆ ದಾರಿ ಇರುವುದರಿಂದ ಅದು ನೆರವು.

ಡೀಸೆಲ್ ಪಿಕಪ್ ಏನು ಮಾಡಬಲ್ಲದು ಅಂತ ಅನುಮಾನ ಇದ್ದರೆ 2002ರ ಡಾಡ್ಜ್ ಡಕೋಟಾ ನೆನಪಿಸಿಕೊಳ್ಳಿ. ಎಂಜಿನ್ ತಜ್ಞ ಗೇಲ್ ಬ್ಯಾಂಕ್ಸ್ ಅವರ ತಂಡ ಅದಕ್ಕೆ 5.9 ಕಮ್ಮಿನ್ಸ್ ಕೂರಿಸಿ ಬಾನ್‌ವಿಲ್‌ನಲ್ಲಿ 217 ಮೈಲಿ ದಾಟಿಸಿತು. ತನ್ನ ಟ್ರೈಲರ್ ಅನ್ನು ತಾನೇ ಎಳೆದುಕೊಂಡು ರಸ್ತೆಯಲ್ಲಿ ಬಂದಿದ್ದ ಗಾಡಿ ಅದು. 2006ರಲ್ಲಿ ಆ್ಯಂಡಿ ಗ್ರೀನ್ ಓಡಿಸಿದ ಜೆಸಿಬಿ ಡೀಸೆಲ್‌ಮ್ಯಾಕ್ಸ್ ಅದೇ ಉಪ್ಪಿನ ಮೇಲೆ 350.092 ಮೈಲಿ ಮುಟ್ಟಿತು. ಅದು ಪಿಕಪ್ ಅಲ್ಲ, ಬಾಣದಂಥ ಸ್ಟ್ರೀಮ್‌ಲೈನರ್. ಆದರೆ ಅದರೊಳಗಿದ್ದ ಎರಡೂ ಎಂಜಿನ್‌ಗಳ ಮೂಲ ಮಣ್ಣು ಅಗೆಯುವ ಯಂತ್ರಗಳ ಜೆಸಿಬಿ ಎಂಜಿನ್.

ಹೆಜ್ಜೆ 7: ಸುರಕ್ಷತೆ ಮತ್ತು ಲೈಸೆನ್ಸ್

ಕ್ಲಾಸ್‌ಗೂ ಸುರಕ್ಷತೆಗೂ ನೇರ ನಂಟಿದೆ. ವೇಗ ಏರಿದಂತೆ ಬೇಡಿಕೆಗಳೂ ಏರುತ್ತವೆ. ರೋಲ್ ಕೇಜ್, ಬೆಂಕಿ ನಂದಿಸುವ ವ್ಯವಸ್ಥೆ, ಡ್ರೈವ್ ಶಾಫ್ಟ್ ಮುರಿದರೆ ಹಿಡಿಯುವ ಲೂಪ್, ವೇಗಕ್ಕೆ ತಕ್ಕ ಟೈರ್, ಕಾರ್ ರೇಸ್‌ಗೆಂದೇ ಪರೀಕ್ಷಿಸಿದ ಸ್ನೆಲ್ ಎಸ್‌ಎ ದರ್ಜೆಯ ಹೆಲ್ಮೆಟ್, ಕುತ್ತಿಗೆ ಕಾಯುವ ಸಾಧನ, ಬೆಂಕಿ ತಡೆಯುವ ಉಡುಪು, ಇನ್ನೂ ವೇಗವಾದರೆ ಪ್ಯಾರಾಚೂಟ್. ದಾಖಲೆ ಎತ್ತರದಲ್ಲಿರುವ ಕ್ಲಾಸ್ ಆರಿಸಿಕೊಂಡರೆ ಖರ್ಚೂ ಅಷ್ಟೇ ಎತ್ತರ. ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಹೆಲ್ಮೆಟ್‌ಗೆ ಹಣ ಸಾಲದಿದ್ದರೆ ಇನ್ನೊಂದು ವರ್ಷ ಕಾಯಿರಿ.

ಡೀಸೆಲ್‌ನಲ್ಲಿ ಒಂದು ವಿಶೇಷ ಅಪಾಯ ಇದೆ. ಟರ್ಬೊ ಸೀಲ್ ಹೋಗಿ ಎಂಜಿನ್ ಆಯಿಲ್ ಒಳಗೆ ಸೇರಿದರೆ, ಇಗ್ನಿಷನ್ ಆಫ್ ಮಾಡಿದರೂ ಎಂಜಿನ್ ಆ ಆಯಿಲ್ ಅನ್ನೇ ಉರಿಸಿಕೊಂಡು ಓಡುತ್ತಲೇ ಇರುತ್ತದೆ. ಗಾಳಿ ಒಳಗೆ ಹೋಗುವ ದಾರಿಯನ್ನೇ ಮುಚ್ಚುವ ಒಂದು ಬಾಗಿಲು, ಸೀಟಿನಿಂದ ಎಳೆಯುವಂತೆ ಇರಲಿ. ಪುಸ್ತಕ ಕೇಳಲಿ ಬಿಡಲಿ, ನಾನಾಗಿದ್ದರೆ ಇದಿಲ್ಲದೆ ಹೊರಡುವುದಿಲ್ಲ.

ಚಾಲಕರ ಲೈಸೆನ್ಸ್ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತದೆ. ಹೊಸಬರು 125 ಮೈಲಿಯ ಒಳಗೆ ಶುರುಮಾಡಿ, ಆಮೇಲೆ 125ರಿಂದ 149, ನಂತರ 150ರಿಂದ 174, ಹೀಗೆ ಏರಬೇಕು. ಮೊದಲ ಓಟದಲ್ಲೇ ದಾಖಲೆ ಮುರಿಯುತ್ತೇನೆ ಅಂದರೆ ಬಿಡುವುದಿಲ್ಲ. ಪೂರ್ತಿ ಉಡುಪು, ಬೆಲ್ಟ್ ಎಲ್ಲ ಹಾಕಿಕೊಂಡು ಬೇಗ ಹೊರಬರುವ ಪರೀಕ್ಷೆಯೂ ಇದೆ. ಪುಟ್ಟ ಕ್ಯಾಬ್‌ನಲ್ಲಿ ಕೇಜ್ ಪೈಪ್‌ಗಳ ನಡುವೆ ನುಸುಳಿ ಬರುವುದು ಕಷ್ಟ, ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ.

ಹೆಜ್ಜೆ 8: ಉಪ್ಪಿನ ಮೇಲೆ

ಮೊದಲು ತಾಂತ್ರಿಕ ತಪಾಸಣೆಯ ಸಾಲು. ತಪಾಸಣೆ ಮಾಡುವವರು ಸ್ವಯಂಸೇವಕರು, ಅವರೂ ಓಡಿಸುವವರೇ. ತಪ್ಪು ತೋರಿಸಿದರೆ ವಾದಕ್ಕಿಳಿಯಬೇಡಿ, ಪಿಟ್‌ಗೆ ಹೋಗಿ ಸರಿಮಾಡಿಕೊಂಡು ಬನ್ನಿ. ಪಾಸಾದ ಮೇಲೆ ವೇಗ ಕಡಿಮೆ ಇರುವ ಗಾಡಿಗಳು ಚಿಕ್ಕ ದಾರಿಗೆ, ವೇಗದವು 5 ಮೈಲಿಯ ಉದ್ದನೆಯ ದಾರಿಗೆ ಹೋಗುತ್ತವೆ.

ಈಗಿನ ದಾಖಲೆಗಿಂತ ಜಾಸ್ತಿ ವೇಗ ಬಂದರೆ ಗಾಡಿಯನ್ನು ನೇರವಾಗಿ, ಕಾವಲಿನಲ್ಲಿ ಇಡುವ ಜಾಗವಾದ ಇಂಪೌಂಡ್‌ಗೆ ಕೊಂಡೊಯ್ಯಬೇಕು. ಅಲ್ಲಿ ಗಾಡಿಗೆ ಕೈ ಹಚ್ಚಲು ನಾಲ್ಕು ಗಂಟೆ ಸಮಯ. ಮರುದಿನ ಬೆಳಿಗ್ಗೆ ಎರಡನೇ ಓಟ. ಎರಡರ ಸರಾಸರಿ ಹಳೆಯ ದಾಖಲೆಯನ್ನು ದಾಟಿದರೆ ಮಾತ್ರ ಹೊಸದು. ಹಾಗಾಗಿ ಒಂದೇ ಓಟಕ್ಕೆ ಎಂಜಿನ್ ಹಿಂಡಿಬಿಡಬೇಡಿ, ಬೆಳಗಿನದಕ್ಕೆ ಉಳಿಸಿಕೊಳ್ಳಿ. ಬೆಳಗಿನ ತಂಪು ಗಾಳಿ ದಪ್ಪವಾಗಿರುತ್ತದೆ, ಡೀಸೆಲ್‌ಗೆ ಅದು ಇಷ್ಟ. ಎಲ್ ಮಿರಾಜ್‌ನಲ್ಲಾದರೆ ಒಂದೇ ಓಟ ಸಾಕು.

2014, 2015 ಮತ್ತು 2022ರಲ್ಲಿ ಉಪ್ಪಿನ ಬಯಲಿನ ಸ್ಥಿತಿ ಸರಿಯಿಲ್ಲದೆ ಸ್ಪೀಡ್ ವೀಕ್ ರದ್ದಾಗಿತ್ತು. ವಿಮಾನದ ಟಿಕೆಟ್, ಹೋಟೆಲ್ ಕಾದಿರಿಸುವಾಗ ಹಣ ವಾಪಸ್ ಸಿಗುವಂಥದ್ದನ್ನೇ ನೋಡಿ. ಮನೆಗೆ ಬಂದ ದಿನವೇ ಗಾಡಿಯ ಅಡಿಭಾಗ, ರೇಡಿಯೇಟರ್, ಬ್ರೇಕ್ ಡ್ರಮ್, ವೈರಿಂಗ್ ಕನೆಕ್ಟರ್‌ಗಳನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಚಾಸಿಯ ಪೈಪ್‌ಗಳೊಳಗೆ ಸೇರಿದ ಉಪ್ಪು ಒಂದು ಸಲಕ್ಕೆ ಹೋಗುವುದಿಲ್ಲ, ಒಂದು ವಾರ ಬಿಟ್ಟು ಮತ್ತೊಮ್ಮೆ ತೊಳೆಯಿರಿ.